ಅಲೆಯಿಲ್ಲದ ಜಾಗ

ರೆಸಾರ್ಟಿನ ಈಜುಕೊಳ ಅಪ್ಪನಿಗೆ ಮೊದಲ ನೋಟಕ್ಕೇ ಹಿಡಿಸಲಿಲ್ಲ. ಗೋಡಂಬಿಯ ಆಕಾರಕ್ಕೆ ಕಟ್ಟಿಸಿದ್ದ ಕೊಳ. ಮಂಡಿ ಮುಳುಗಿದರೆ ಹೆಚ್ಚು. ನೀರಿನೊಳಗೇ ಕಲ್ಲಿನ ಸ್ಟೂಲುಗಳನ್ನು ನೆಟ್ಟಿದ್ದರು. ಜನ ಅವುಗಳ ಮೇಲೆ ಟೋಪಿ ಹಾಕಿಕೊಂಡು ಕೂತು, ಉದ್ದನೆಯ ಗ್ಲಾಸುಗಳಿಂದ ತಣ್ಣಗಿನದೇನನ್ನೋ ಹೀರುತ್ತಿದ್ದರು.

"ಇದು ಕೊಳ ಅಲ್ಲ ಕಣೇ, ಬೋಗುಣಿ. ಅಕ್ಕಿ ತೊಳೆಯೋಕೆ ಸರಿ," ಎಂದು ಮಗಳಿಗೆ ಹೇಳಿ ಅಪ್ಪ ಬೆನ್ನು ತಿರುಗಿಸಿದ.

ಹಾಗೆ ಹೇಳುವ ಹಕ್ಕು ಅವನಿಗಿತ್ತು. ಮೀಸೆ ಚಿಗುರಿದ ವಯಸ್ಸಿಗೆ ಪುರಸಭೆಯ ಈಜುಕೊಳಕ್ಕೆ ಕೆಲಸಕ್ಕೆ ಸೇರಿ, ಆ ಮೀಸೆ ಪೂರ್ತಿ ನರೆಯುವವರೆಗೆ ಈಜು ಕಲಿಸಿದವನು. ಊರಿನ ಅರ್ಧ ಜನ ಅವನ ಅಂಗೈ ಮೇಲೆ ಹೊಟ್ಟೆಯಿಟ್ಟು ಮಲಗಿ ಕಾಲು ಬಡಿದವರೇ. ಎಲ್ಲರ ಬಾಯಲ್ಲೂ ಅವನು ಈಜು ಮೇಷ್ಟ್ರು. ಕಳೆದ ವರ್ಷ ಅವನ ಎದೆ ತೆರೆದು ಹೃದಯದ ಆಪರೇಷನ್ ಮಾಡಿದರು. ಅವನಿನ್ನೂ ಆಸ್ಪತ್ರೆಯಲ್ಲಿರುವಾಗಲೇ ಕೊಳಕ್ಕೆ ಮಣ್ಣು ತುಂಬಿ ಕಾರು ನಿಲ್ಲಿಸುವ ಜಾಗ ಮಾಡಿದರು. ಎರಡರಲ್ಲಿ ಯಾವುದು ಹೆಚ್ಚು ನೋಯಿಸಿತು ಎಂದು ಯಾರಾದರೂ ಕೇಳಿದರೆ, "ಎದೆಗಾದ್ರೂ ಹೊಲಿಗೆ ಹಾಕಿದ್ರಪ್ಪ" ಎನ್ನುತ್ತಿದ್ದ.

ಹಳೆಯ ಶಿಷ್ಯನೊಬ್ಬ ಪ್ರವಾಸದ ಏಜೆನ್ಸಿ ಇಟ್ಟಿದ್ದ. ಅವನೇ ಮುಂದೆ ನಿಂತು, ಉಳಿದ ಶಿಷ್ಯರನ್ನೂ ಸೇರಿಸಿಕೊಂಡು, ಮೇಷ್ಟ್ರಿಗೂ ಅವರ ಮಗಳಿಗೂ ಈ ದ್ವೀಪದ ಟಿಕೆಟ್ಟು, ಕೋಣೆ ಎಲ್ಲ ಮಾಡಿಸಿಕೊಟ್ಟ. ಅಮ್ಮ ದೋಣಿಯ ಹೆಸರು ಕೇಳಿದರೇ ಹೊಟ್ಟೆ ತೊಳಸಿಕೊಳ್ಳುವವಳು. ನಾನು ಒಲ್ಲೆ ಎಂದಳು. ಔಷಧಿ ಅಂಗಡಿ ನಡೆಸುವ ತಮ್ಮ ಮಗಳಿಗೆ ಒಂದೇ ಮಾತು ಹೇಳಿದ. "ಅಕ್ಕಾ, ಕರ್ಕೊಂಡು ಹೋಗು, ಬೇಡ ಅನ್ನಲ್ಲ. ಆದ್ರೆ ನೀರಿಗೆ ಇಳಿಸಬೇಡ. ಹೆಚ್ಚುಕಮ್ಮಿ ಆದ್ರೆ ಅಮ್ಮನಿಗೆ ನೀನೇ ಮುಖ ತೋರಿಸ್ಬೇಕು."

ಆದರೆ ಮಗಳು ಆಗಲೇ ಡಾಕ್ಟರನ್ನು ಕೇಳಿಬಿಟ್ಟಿದ್ದಳು. ನೀರು ನಿಂತ ನೀರಾಗಿರಬೇಕು, ಎದೆಮಟ್ಟ ದಾಟಬಾರದು, ಜೊತೆಗೊಬ್ಬರು ಇರಬೇಕು. ಹಾಗಿದ್ದರೆ ಸ್ವಲ್ಪ ಹೊತ್ತು ಈಜಲಿ ಎಂದಿದ್ದರು ಡಾಕ್ಟರು. ಅಪ್ಪ ಒಂದು ವರ್ಷದಿಂದ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತೂ ಕೂತೂ ಕುರ್ಚಿಯ ಬಣ್ಣಕ್ಕೇ ತಿರುಗಿದ್ದ. ಇನ್ನೊಂದು ಸಲ ಅವನು ನೀರಿನಲ್ಲಿ ಕೈ ಬೀಸುವುದನ್ನು ನೋಡಬೇಕು ಎಂಬುದೊಂದೇ ಅವಳ ಆಸೆ. ತಮ್ಮನಿಗೆ ತಿಳಿಯದ ಹಾಗೆ ಅಪ್ಪನಿಗೆ ಮಾತು ಕೊಟ್ಟೇ ದೋಣಿ ಹತ್ತಿಸಿದ್ದಳು.

ಬೋಗುಣಿಯನ್ನು ಬಿಟ್ಟು ಇಬ್ಬರೂ ಸಮುದ್ರದ ಕಡೆ ನಡೆದರು. ಅಲ್ಲಿ ಎಲ್ಲವೂ ತೊಳೆದು ಒರೆಸಿಟ್ಟ ಹಾಗಿತ್ತು. ಮರಳನ್ನು ಯಾರೋ ಬೆಳಿಗ್ಗೆಯೇ ತಲೆ ಬಾಚಿದಂತೆ ಬಾಚಿದ್ದರು. ತೆಂಗಿನ ಮರಗಳಲ್ಲಿ ಒಂದು ಕಾಯಿಯೂ ಇರಲಿಲ್ಲ. ಅತಿಥಿಗಳ ತಲೆ ಮೇಲೆ ಬಿದ್ದೀತೆಂದು ಮಿಡಿಯಲ್ಲೇ ಕಿತ್ತುಬಿಡುತ್ತಾರಂತೆ, ದೋಣಿಯವನು ಹೇಳಿದ್ದ. ಊಟದ ಜಗಲಿಯ ಕಂಬದ ಮೇಲೆ, ಮುಳುಗುವವರಿಗೆ ಎಸೆಯುವಂಥ ಕೆಂಪು-ಬಿಳಿ ರಿಂಗು ಇತ್ತು. ಅದರ ಸುತ್ತ ಅಂದವಾಗಿ 'ಸುಸ್ವಾಗತ' ಎಂದು ಬರೆದಿದ್ದರು.

ದಡದುದ್ದಕ್ಕೂ ಒರಗು ಕುರ್ಚಿಗಳನ್ನು ಎರಡು ಗುಂಪಾಗಿ ಹಾಕಿದ್ದರು. ಎಡಕ್ಕೊಂದು ಗುಂಪು, ಬಲಕ್ಕೊಂದು. ನಡುವೆ ಬಸ್ಸು ತಿರುಗಿಸುವಷ್ಟು ಜಾಗ ಖಾಲಿ. ಎರಡೂ ಗುಂಪುಗಳ ಮುಂದೆ ಅಲೆಗಳು ಬಿಳಿ ನೊರೆಯೆಬ್ಬಿಸಿ ಒಡೆಯುತ್ತಿದ್ದವು. ಖಾಲಿ ಜಾಗದ ಮುಂದೆ ಮಾತ್ರ ಒಂದು ಅಲೆಯೂ ಇರಲಿಲ್ಲ. ಅಲ್ಲಿ ನೀರು ಕಡುಹಸಿರಾಗಿ, ನಯವಾಗಿ, ಸಾರಿಸಿದ ನೆಲದಂತೆ ದೂರದವರೆಗೆ ಚಾಚಿತ್ತು.

"ನೋಡಿದ್ಯಾ," ಅಪ್ಪನ ಮುಖ ಅರಳಿತು. "ಒಂದು ಸುಕ್ಕಿಲ್ಲ. ನಮ್ಮ ಕೊಳದಲ್ಲಿ ಬೆಳಿಗ್ಗೆ ಬಾಗಿಲು ತೆಗೆದಾಗ ಹೀಗೇ ಇರ್ತಿತ್ತು. ಇಂಥಾ ನೀರು ಬಿಟ್ಟು ಇವ್ರೆಲ್ಲ ಅಲೆ ಕೈಲಿ ಕಪಾಳಕ್ಕೆ ಹೊಡೆಸ್ಕೊಳ್ತಾ ಕೂತಿದಾರಲ್ಲ."

"ಯಾಕೆ ಖಾಲಿ ಬಿಟ್ಟಿದಾರೋ."

"ನೀರು ನೋಡೋಕೆ ಕಣ್ಣು ಬೇಕಲ್ಲೇ."

ಅವಳು ಎರಡು ಕುರ್ಚಿಗಳನ್ನು ಎಳೆದು ತಂದು ಖಾಲಿ ಜಾಗದಲ್ಲಿ ಹಾಕಿದಳು. ಹಾಕುವಾಗ ಕಾಲ್ಬೆರಳಿಗೆ ಏನೋ ತಾಗಿತು. ಮರಳು ಸರಿಸಿ ನೋಡಿದರೆ ಸಿಮೆಂಟಿನಲ್ಲಿ ಹೂತ ಕಬ್ಬಿಣದ ಕೊಳವೆ. ನೆಲದ ಮಟ್ಟಕ್ಕೆ ಕತ್ತರಿಸಿದ್ದರು. ಅದರ ಪಕ್ಕದಲ್ಲೇ ಇನ್ನೊಂದು. ಯಾವುದೋ ಬೋರ್ಡಿನ ಎರಡು ಕಾಲುಗಳು. ಉಪ್ಪುಗಾಳಿಯಲ್ಲಿ ಕಬ್ಬಿಣ ಬಹಳ ದಿನ ಹೊಳೆಯುವುದಿಲ್ಲ. ಈ ಕತ್ತರಿಸಿದ ಬಾಯಿ ಇನ್ನೂ ಹೊಳೆಯುತ್ತಿತ್ತು.

ಅಷ್ಟರಲ್ಲಿ ಬಿಳಿ ಬಟ್ಟೆಯ ನಡುವಯಸ್ಸಿನವನೊಬ್ಬ ಓಡುನಡಿಗೆಯಲ್ಲಿ ಬಂದ. ಕುರ್ಚಿ ಹಾಕುವುದು, ತೆಗೆಯುವುದು ಅವನ ಕೆಲಸ.

"ಸರ್, ಇಲ್ಲಿ ಬೇಡ ಸರ್. ಇಲ್ಲಿ ಬಿಸಿಲು ಜಾಸ್ತಿ."

"ಅಲ್ಲಿಗೆ ಬೇರೆ ಸೂರ್ಯನಾ?" ಎಂದ ಅಪ್ಪ.

ಕುರ್ಚಿಯವನು ನಕ್ಕ. ನಗುತ್ತಲೇ ಎರಡೂ ಕುರ್ಚಿಗಳನ್ನು ಎತ್ತಿಕೊಂಡು ಹೋಗಿ ಬಲಗಡೆಯ ಗುಂಪಿನ ತುದಿಗೆ ಹಾಕಿದ. ಊಟ ಮುಗಿಸಿ ಬಂದವರು ಮತ್ತೆ ಎಳೆದು ತಂದರು. ಅವನು ಮತ್ತೆ ಬಂದ.

"ಇಲ್ಲಿ ಇರುವೆ ಕಾಟ ಸರ್."

ಸಂಜೆ ಮೂರನೆಯ ಸಲ ಬಂದಾಗ ಏಡಿ ಕಚ್ಚುತ್ತದೆ ಎಂದ. ಅಪ್ಪನಿಗೆ ಇದೊಂದು ಮೋಜಾಯಿತು. "ತಡಿ, ಇವನ ಚೀಲದಲ್ಲಿ ಇನ್ನೂ ಏನೇನಿದೆ ನೋಡೋಣ. ನಾಳೆ ಹುಲಿ ಬಿಡ್ತಾನೆ."

ಅವಳಿಗೆ ನಗು ಬರಲಿಲ್ಲ. "ಸುತ್ತಿ ಬಳಸಿ ಯಾಕೆ ಹೇಳ್ತೀರಿ? ಇಲ್ಲಿ ಏನಿದೆ, ನೇರವಾಗಿ ಹೇಳಿ."

ಅವನ ಕಣ್ಣು ಜಗಲಿಯ ಕಡೆ ಹೋಯಿತು. ಅಲ್ಲಿ ರೆಸಾರ್ಟಿನ ಮ್ಯಾನೇಜರ್ ಹೆಂಗಸು ಕೈ ಕಟ್ಟಿ ನಿಂತು ಇತ್ತಲೇ ನೋಡುತ್ತಿದ್ದಳು. "ಏನೂ ಇಲ್ಲಮ್ಮ. ಎಲ್ಲಾ ಚೆನ್ನಾಗಿದೆ," ಎಂದ. ಕುರ್ಚಿ ಎತ್ತಲು ಬಗ್ಗಿದವನು, ಬಗ್ಗಿದಲ್ಲೇ ದನಿ ಇಳಿಸಿ, "ನೀರಿಗೆ ಇಳಿಯೋದಾದ್ರೆ ಅಲೆ ಇರೋ ಕಡೆ ಇಳೀರಿ. ಅಲೆ ಇರೋ ಕಡೆ," ಎಂದು ಹೇಳಿ ಹೊರಟುಹೋದ.

"ಎದೆಗೆ ಹೊಲಿಗೆ ಹಾಕಿಸ್ಕೊಂಡೋನಿಗೆ ಅಲೇಲಿ ಆಡು ಅಂತಾನಲ್ಲ, ಪುಣ್ಯಾತ್ಮ," ಎಂದ ಅಪ್ಪ.

ಅವಳು ನೆಟ್ಟಗೆ ಜಗಲಿಗೆ ಹೋಗಿ ಕೇಳಿದಳು. ಮ್ಯಾನೇಜರ್ ಅವಳಿಗೆ ಒದ್ದೆ ಟವೆಲ್ಲು ಕೊಡಿಸಿ, ಕೂರಿಸಿ, ಉಪಚಾರ ಮಾಡಿದಳು. "ನಮ್ಮಲ್ಲಿ ಯಾವ ಜಾಗಕ್ಕೂ ಬೇಡ ಅನ್ನೋ ಪದ್ಧತಿ ಇಲ್ಲ ಮೇಡಂ. ಇಡೀ ಬೀಚು ನಿಮ್ಮದೇ."

"ಅಲ್ಲಿ ಯಾವುದೋ ಬೋರ್ಡಿತ್ತಲ್ಲ."

"ಹೌದು, ಫೋಟೋಗೆ ಅಡ್ಡ ಬರ್ತಿತ್ತು ಅಂತ ಗೆಸ್ಟುಗಳು ಬೇಜಾರು ಮಾಡ್ಕೊಂಡ್ರು. ತೆಗೆಸಿದ್ವಿ."

"ಏನು ಬರೆದಿತ್ತು ಅದರಲ್ಲಿ?"

"ಅದು ನಾನು ಇಲ್ಲಿಗೆ ಬರೋಕೆ ಮುಂಚಿಂದು ಮೇಡಂ."

ತೆಗೆಸಿದ್ದೂ ಇವಳೇ, ಅದರಲ್ಲಿ ಏನು ಬರೆದಿತ್ತೆಂದು ಗೊತ್ತಿಲ್ಲದವಳೂ ಇವಳೇ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ ಎಂದು ಅವಳಿಗೆ ಮೆಟ್ಟಿಲಿಳಿಯುವಾಗ ಹೊಳೆಯಿತು. ಹಿಂತಿರುಗಿ ನೋಡಿದಳು. ಮ್ಯಾನೇಜರ್ ಹೆಂಗಸಿನ ನಗು ಇಟ್ಟಲ್ಲೇ ಇತ್ತು.

ಅವಳು ಕೆಳಗೆ ಬರುವಷ್ಟರಲ್ಲಿ ಅಪ್ಪ ಪಂಚೆ ಎತ್ತಿಕಟ್ಟಿ, ಅಲೆಯಿಲ್ಲದ ನೀರಿನಲ್ಲಿ ಮೀನಖಂಡದವರೆಗೆ ನಿಂತಿದ್ದ. ಮುಖ ತೊಳೆಯಲು ಬಗ್ಗಿದಾಗ ತಲೆಯ ಹುಲ್ಲುಟೋಪಿ ನೀರಿಗೆ ಬಿತ್ತು. ಹಿಡಿಯುವಷ್ಟರಲ್ಲಿ ಅದು ಮಾರು ದೂರ ಹೋಗಿತ್ತು. ಆಮೇಲೆ ಅವಸರವಿಲ್ಲದೆ, ಕೆಲಸದ ಮೇಲೆ ಹೊರಟವರಂತೆ, ನೆಟ್ಟಗೆ ಸಮುದ್ರದೊಳಕ್ಕೆ ಹೋಯಿತು.

ಗಾಳಿ ಸಮುದ್ರದಿಂದ ಇತ್ತ ಬೀಸುತ್ತಿತ್ತು. ಅವಳ ಸೆರಗು ಹಿಂದಕ್ಕೆ ಹಾರುತ್ತಿತ್ತು. ಟೋಪಿ ಗಾಳಿಗೆ ಎದುರಾಗಿ ಹೋಗುತ್ತಿತ್ತು.

ಹರಿಯುವ ನೀರು ಅವಳಿಗೆ ಹೊಸತಲ್ಲ. ನೀರಾವರಿ ಇಲಾಖೆಯ ಪ್ರಯೋಗಶಾಲೆಯಲ್ಲಿ ಅವಳಿಗೆ ಕೆಲಸ. ಕಾಲುವೆ, ಅಣೆಕಟ್ಟುಗಳ ಪುಟ್ಟ ಮಾದರಿ ಕಟ್ಟಿ, ನೀರು ಬಿಟ್ಟು, ಅದಕ್ಕೊಂದಿಷ್ಟು ನೇರಳೆ ಬಣ್ಣ ಹನಿಸಿ, ಆ ಎಳೆ ಎತ್ತ ಎಳೆದುಕೊಂಡು ಹೋಗುತ್ತದೆಂದು ನೋಡುತ್ತಾರೆ. ಟೋಪಿಯನ್ನು ನೋಡಿದಾಗ ಅವಳ ತಲೆಯಲ್ಲಿ ಏನೋ ಕದಲಿತು. ಆದರೆ ಮೊದಲು ಕೈಗೆ ಸಿಕ್ಕ ವಿವರಣೆಯನ್ನೇ ಅವಳು ಹಿಡಿದುಕೊಂಡಳು. ಸಂಜೆ, ಇಳಿತದ ಹೊತ್ತು; ಇಡೀ ಸಮುದ್ರವೇ ಹಿಂದೆ ಸರಿಯುತ್ತಿದೆ. ಬೆಳಿಗ್ಗೆ ಉಬ್ಬರವಿರುವಾಗ ಇಳಿದರಾಯಿತು. ಲೆಕ್ಕ ಸರಿಯಾಗಿಯೇ ಕಂಡಿತು. ಪಕ್ಕದಲ್ಲಿ ಅಲೆಗಳ ನಡುವೆ ಆಡುತ್ತಿದ್ದವರ ಚೆಂಡು ಮಾತ್ರ ಎಷ್ಟು ಸಲ ಎಸೆದರೂ ದಡಕ್ಕೇ ಬರುತ್ತಿತ್ತು. ಅದು ಅವಳ ಕಣ್ಣಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ.

ಮರುದಿನ ಬೆಳಿಗ್ಗೆ ಉಬ್ಬರವಿತ್ತು. ತಿಂಡಿಗೆ ಮುಂಚೆಯೇ ಇಬ್ಬರೂ ಬಂದರು. ಕುರ್ಚಿಯವನು ದೂರದ ತುದಿಯಲ್ಲಿ ಮರಳು ಬಾಚುತ್ತಿದ್ದ.

ಅಪ್ಪ ಅಂಗಿ ಬಿಚ್ಚಿದ. ಎದೆಯ ನಡುವಿನ ಗಾಯದ ಗುರುತು ಬೆಳಕಿಗೆ ಗುಲಾಬಿಯಾಗಿ ಕಂಡಿತು. ಕತ್ತಿನಿಂದ ಹಳೆಯ ಸ್ಟೀಲ್ ಸೀಟಿಯನ್ನು ತೆಗೆದು ಅವಳ ಕೊರಳಿಗೆ ಹಾಕಿದ. ಅದು ಕೊಳದ ಕಟ್ಟಳೆ. ಸೀಟಿ ಯಾರ ಕೊರಳಲ್ಲಿದೆಯೋ ಅವರು ಹೇಳಿದಂತೆ ನೀರಿನಲ್ಲಿರುವವರು ಕೇಳಬೇಕು, ಎದುರಾಡುವ ಹಾಗಿಲ್ಲ. ಒಂದು ಉದ್ದ ಊದಿದರೆ ಹತ್ತಿರದ ಗೋಡೆ ಹಿಡಿದು ಮೇಲೆ ಬಾ. ಎರಡು ಗಿಡ್ಡ ಊದಿದರೆ ಪಕ್ಕದ ಸಾಲಿಗೆ ಸರಿ. ಅವಳು ಅಕ್ಷರ ಕಲಿಯುವ ಮುಂಚೆ ಇದನ್ನು ಕಲಿತಿದ್ದಳು.

"ಮೇಷ್ಟ್ರೇ, ಎದೆಮಟ್ಟ ದಾಟಿದ್ರೆ ಊದಿಬಿಡ್ತೀನಿ, ಮರ್ಯಾದೆ ನೋಡಲ್ಲ," ಎಂದಳು.

"ಆಯ್ತು ಮೇಷ್ಟ್ರಮ್ಮ."

ಅಪ್ಪ ನೀರಿಗಿಳಿದ. ಅವಳೂ ಹಿಂದೆಯೇ ಸೊಂಟದವರೆಗೆ ಇಳಿದಳು. ನೀರು ಬೆಚ್ಚಗಿತ್ತು. ಅಪ್ಪ ಒಮ್ಮೆ ಮುಳುಗಿ ಎದ್ದು, ಉಸಿರು ಬಿಟ್ಟು, ಮುಂದಕ್ಕೆ ಮೈ ಚಾಚಿದ. ಬಲಗೈ ನೀರಿನಿಂದ ಎದ್ದು, ಮೊಣಕೈ ಮಡಚಿ, ಸದ್ದಿಲ್ಲದೆ ಒಳಗೆ ಹೋಯಿತು, ಆಮೇಲೆ ಎಡಗೈ. ಕುರ್ಚಿಯ ಬಣ್ಣಕ್ಕೆ ತಿರುಗಿದ್ದ ಆ ಮುದುಕ ಎಲ್ಲೋ ಹೋಗಿ, ಕೊಳದ ಕಟ್ಟೆಯ ಮೇಲೆ ನಿಂತು ಬೈಯುತ್ತಿದ್ದ ಅಪ್ಪ ವಾಪಸು ಬಂದಿದ್ದ.

ಸ್ವಲ್ಪ ಹೊತ್ತಿಗೆ ಅವನು ಅಂಗಾತ ತೇಲುತ್ತ ಕಣ್ಣು ಮುಚ್ಚಿದ. "ಎಷ್ಟು ಹಗುರ ಕಣೇ," ಎಂದ.

ಆ ಮಾತು ಅವಳಿಗೆ ಎಷ್ಟೋ ದೂರದಿಂದ ಕೇಳಿದಂತಾಯಿತು. ನಿಜಕ್ಕೂ ದೂರವೇ ಇತ್ತು. ಅವನು ಕೈಕಾಲು ಆಡಿಸಿರಲಿಲ್ಲ. ಆದರೂ ಎದೆಮಟ್ಟದ ನೀರು ಎಂದೋ ಹಿಂದುಳಿದಿತ್ತು. ಅದೇ ಹೊತ್ತಿಗೆ ತನ್ನ ಅಂಗಾಲಿನ ಅಡಿಯಿಂದ ಮರಳು ಹಿಡಿಹಿಡಿಯಾಗಿ ಜಾರುತ್ತಿರುವುದು ಅವಳಿಗೆ ತಿಳಿಯಿತು. ಅದು ಸಮುದ್ರದ ಕಡೆಗೇ ಜಾರುತ್ತಿತ್ತು. ಉಬ್ಬರದಲ್ಲೂ.

ಅವಳು ಸೀಟಿ ಬಾಯಿಗಿಟ್ಟು ಉದ್ದಕ್ಕೆ ಊದಿದಳು.

ಅಪ್ಪ ಕಣ್ಣು ಬಿಟ್ಟ. ಎಷ್ಟು ದೂರ ಬಂದಿದ್ದೇನೆಂದು ನೋಡಿದ. ಎದುರಾಡದೆ ಮಗ್ಗುಲಾಗಿ, ಹತ್ತಿರದ ಗೋಡೆ ಹಿಡಿಯುವವನಂತೆ ನೆಟ್ಟಗೆ ದಡದ ಕಡೆಗೆ, ಅವಳ ಕಡೆಗೆ ಈಜತೊಡಗಿದ. ಕೈ ಬೀಸಿನಲ್ಲಿ ಒಂದು ತಪ್ಪಿರಲಿಲ್ಲ. ಆದರೆ ಅವನ ತಲೆ ಇದ್ದಲ್ಲೇ ಇತ್ತು. ಮತ್ತೂ ಕೈ ಬೀಸಿದ. ಅವಳು ಎಡಗಡೆಯ ಬಂಡೆಯೊಂದನ್ನು ಗುರುತಿಟ್ಟು ನೋಡಿದಳು. ಇದ್ದಲ್ಲೇ ಅಲ್ಲ, ಹಿಂದೆ ಹೋಗುತ್ತಿದ್ದ.

ಅವಳು ಮತ್ತೆ ಉದ್ದಕ್ಕೆ ಊದಿದಳು. ಅಪ್ಪ ಇನ್ನೂ ಜೋರಾಗಿ ಬಡಿದ. ಬಾಯಿ ತೆರೆದು ಉಸಿರೆಳೆಯುವುದು ಇಲ್ಲಿಗೂ ಕಾಣುತ್ತಿತ್ತು. ಆ ಹೊಲಿಗೆಯ ಕೆಳಗಿನ ಹೃದಯ ಈಗ ಹೇಗೆ ಬಡಿಯುತ್ತಿದ್ದೀತು ಎಂದು ಅವಳಿಗೆ ಗೊತ್ತಿತ್ತು. ಅದನ್ನು ಹಾಗೆ ಬಡಿಯುವಂತೆ ಮಾಡುತ್ತಿದ್ದುದು ತನ್ನದೇ ಸೀಟಿ.

ಹಿಂದೆ ಏನೋ ದಡಬಡ ಸದ್ದಾಯಿತು. ಕುರ್ಚಿಯವನು ಬಾಚುವ ಕೋಲನ್ನು ಬಿಸಾಕಿ ಜಗಲಿಗೆ ನುಗ್ಗಿದ್ದ. ಕಂಬದ ಮೇಲಿನ ರಿಂಗನ್ನು ಎರಡೂ ಕೈಯಿಂದ ಹಿಡಿದು ಜಗ್ಗುತ್ತಿದ್ದ. ಅದು ಕದಲಲಿಲ್ಲ. ಅದನ್ನು ಸ್ಕ್ರೂ ಹಾಕಿ ಕಂಬಕ್ಕೆ ಬಿಗಿದಿದ್ದರು. ಅವನು ಅದನ್ನು ಬಿಟ್ಟು ದಡಕ್ಕೆ ಓಡಿಬಂದು, ಕೈಯನ್ನು ಅಡ್ಡಕ್ಕೆ ಬೀಸುತ್ತ ಕೂಗಿದ. "ಅಲೆ ಕಡೆ. ಅಮ್ಮ, ಅಲೆ ಕಡೆ ಹೋಗಕ್ಕೆ ಹೇಳಿ."

ಅವಳು ನೀರನ್ನು ನೋಡಿದಳು, ಪ್ರಯೋಗಶಾಲೆಯಲ್ಲಿ ನೋಡುವ ಹಾಗೆ. ಎಡಕ್ಕೂ ಬಲಕ್ಕೂ ಅಲೆಗಳು ನೀರನ್ನು ಹೊತ್ತು ತಂದು ದಡಕ್ಕೆ ಸುರಿಯುತ್ತಲೇ ಇದ್ದವು. ಸುರಿದ ನೀರು ಎಲ್ಲಾದರೂ ವಾಪಸು ಹೋಗಲೇಬೇಕು. ಎರಡೂ ಕಡೆಯಿಂದ ದಡಕ್ಕಂಟಿಕೊಂಡು ಬಂದು, ಈ ಆಳದ ಓಣಿಯಲ್ಲಿ ಕೂಡಿ, ಸಮುದ್ರದೊಳಕ್ಕೆ ಹೋಗುತ್ತಿತ್ತು. ಆಳವಿದ್ದದ್ದರಿಂದಲೇ ಇಲ್ಲಿ ಅಲೆ ಒಡೆಯುತ್ತಿರಲಿಲ್ಲ. ಅಪ್ಪನ ತಲೆಯ ಆಚೆ ಕದಡಿದ ಮರಳಿನ ಕಂದು ಎಳೆಯೊಂದು ಬೀಸಣಿಗೆಯಂತೆ ಹರಡಿಕೊಳ್ಳುತ್ತಿತ್ತು. ಬಣ್ಣ ಹನಿಸುವ ಕೆಲಸವನ್ನು ಸಮುದ್ರವೇ ಮಾಡಿಟ್ಟಿತ್ತು. ನಿಂತ ನೀರೆಂದು ಅವರಿಬ್ಬರೂ ಆರಿಸಿಕೊಂಡದ್ದು, ಈ ದಡದಲ್ಲಿ ಎಲ್ಲಕ್ಕಿಂತ ಜೋರಾಗಿ ಹರಿಯುವ ನೀರು.

ಅವಳು ಎರಡು ಗಿಡ್ಡ ಊದಿದಳು. ಬಲಗೈಯನ್ನು ಪೂರ್ತಿ ಚಾಚಿ, ಅಲೆಗಳು ಒಡೆಯುವ ಕಡೆಗೆ ತೋರಿಸಿದಳು.

ಅಪ್ಪನ ತಲೆ ಅತ್ತ ತಿರುಗಿತು. ಅಲ್ಲಿ ಆಳೆತ್ತರದ ನೊರೆ. ಮತ್ತೆ ಅವಳ ಕಡೆ ತಿರುಗಿತು. ಅಷ್ಟು ದೂರದಿಂದ ಅವನ ಮುಖ ಕಾಣಿಸಲಿಲ್ಲ. ಅವನು ಅನುಮಾನಿಸುತ್ತಿರುವುದು ಮಾತ್ರ ಕಂಡಿತು. ಜೀವಮಾನವಿಡೀ ಶಿಷ್ಯರಿಗೆ ಹೇಳಿಕೊಟ್ಟದ್ದು ಹತ್ತಿರದ ಗೋಡೆಗೆ ನೆಟ್ಟಗೆ ಹೋಗು ಎಂದು. ಡಾಕ್ಟರು ಹೇಳಿದ್ದು ಅಲೆ ಬೇಡವೆಂದು. ಈಗ ಮಗಳು ದಡವನ್ನು ಬಿಟ್ಟು ಅಲೆಯ ಬಾಯಿಗೆ ಹೋಗು ಎನ್ನುತ್ತಿದ್ದಾಳೆ.

ಅವಳು ಮತ್ತೆ ಎರಡು ಗಿಡ್ಡ ಊದಿದಳು. ಮತ್ತೆ. ಬಾಯಲ್ಲಿ ಉಪ್ಪು, ತುಕ್ಕು, ಏನೇನೋ ರುಚಿ.

ಸೀಟಿ ಅವಳ ಕೊರಳಲ್ಲಿತ್ತು. ಅಪ್ಪ ಸಾಲು ಬದಲಿಸಿದ.

ನಿಧಾನವಾಗಿ, ಒಂದು ಮಗ್ಗುಲಲ್ಲಿ, ಕಾಲನ್ನಷ್ಟೇ ಆಡಿಸುತ್ತ ಅಡ್ಡಕ್ಕೆ ಸರಿದ. ಓಣಿಯ ಅಂಚು ದಾಟಿದ ಕ್ಷಣ ಗೊತ್ತಾಯಿತು. ಹಿಂದೆ ಹೋಗುವುದು ನಿಂತಿತು. ಮೊದಲ ಅಲೆ ಅವನನ್ನು ನುಂಗಿತು. ಎರಡನೆಯದು ಎತ್ತಿ ಮುಂದೆ ಎಸೆಯಿತು. ಮತ್ತೊಂದರಲ್ಲಿ ಅವನು ಕಾಣಿಸಲೇ ಇಲ್ಲ. ಆಮೇಲೆ ನೊರೆಯ ನಡುವೆ ಬಿಳಿ ತಲೆ ಕಂಡಾಗ ಅವಳೂ ಕುರ್ಚಿಯವನೂ ಒಟ್ಟಿಗೇ ನುಗ್ಗಿ, ಆಳಿಗೊಂದು ರಟ್ಟೆ ಹಿಡಿದು, ಅವನನ್ನು ಮರಳಿಗೆ ಎಳೆದು ಹಾಕಿದರು.

ಅಪ್ಪನ ತುಟಿ ನೀಲಿಯಾಗಿತ್ತು. ಅವಳು ಅವನ ಎದೆಯ ಮೇಲೆ ಕಿವಿಯಿಟ್ಟು ಕೇಳಿದಳು. ಬಡಿತ ಓಡುತ್ತಿತ್ತು, ಎಡವುತ್ತಿತ್ತು, ಮತ್ತೆ ಓಡುತ್ತಿತ್ತು.

"ನೀವು ನಿನ್ನೆನೇ ಹೇಳ್ಬಹುದಿತ್ತಲ್ಲ," ಎಂದಳು ಕುರ್ಚಿಯವನಿಗೆ. ಕೋಪ ಮಾಡಿಕೊಳ್ಳಲೂ ಶಕ್ತಿಯಿರಲಿಲ್ಲ.

ಅವನು ಜಗಲಿಯ ಕಡೆ ನೋಡಲಿಲ್ಲ. ತನ್ನ ಒದ್ದೆ ಕೈಗಳನ್ನು ನೋಡಿಕೊಂಡ. "ಅಪಾಯ ಅನ್ನೋ ಮಾತು ಗೆಸ್ಟುಗಳ ಮುಂದೆ ಆಡೋ ಹಾಗಿಲ್ಲಮ್ಮ. ಆಡಿದೋರು ಮಾರನೇ ದಿನದ ದೋಣೀಲಿ ಇರ್ತಾರೆ. ನಾವು ಕುರ್ಚಿ ಹಾಕೋದರಲ್ಲೇ ಹೇಳ್ಬೇಕು. ಯಾರೂ ಆ ಕಡೆ ಹೋಗದ ಹಾಗೆ ಹಾಕೋದು, ಅಷ್ಟೇ."

"ಬೋರ್ಡು?"

"ಹೋದ ತಿಂಗಳು ಗಂಡ ಹೆಂಡ್ತಿ ಬಂದಿದ್ರು. ಹೊಸದಾಗಿ ಮದುವೆ ಆದೋರು." ಅವನು ಅಲೆಯಿಲ್ಲದ ನೀರಿನ ಕಡೆ ಗದ್ದದಿಂದ ತೋರಿಸಿದ. "ಬೋರ್ಡು ಆವಾಗ ಇತ್ತು. ಅದಾದ ಮೇಲೇ ತೆಗೆಸಿದ್ದು. ಬೋರ್ಡಿದ್ರೆ ಜನ ಯಾಕೆ, ಏನು ಅಂತ ಕೇಳ್ತಾರಲ್ಲ."

ಮ್ಯಾನೇಜರ್ ಕೋಣೆಗೆ ಹಣ್ಣಿನ ಬುಟ್ಟಿ ಕಳಿಸಿದಳು. ಆಮೇಲೆ ತಾನೇ ಬಂದು, ವಯಸ್ಸಾದವರು ತಿಂಡಿಗೆ ಮುಂಚೆ ಈಜಬಾರದಿತ್ತು ಎಂದು ಕನಿಕರಪಟ್ಟಳು. ಇನ್ನೆರಡು ದಿನ ಉಚಿತವಾಗಿ ಇರಿ ಎಂದಳು. ಆ ಬೋರ್ಡು ಮತ್ತೆ ನಿಲ್ಲಿಸುತ್ತೀರಾ ಎಂದು ಅವಳು ಕೇಳಿದಳು. "ಖಂಡಿತ ಮೇಲಿನವರ ಗಮನಕ್ಕೆ ತರ್ತೀನಿ ಮೇಡಂ," ಎಂದು ಮ್ಯಾನೇಜರ್ ಪರದೆಯ ಮಡಿಕೆ ಸರಿಮಾಡಿ ಹೋದಳು.

ತಮ್ಮನ ಫೋನು ಬಂದಾಗ ಅವಳು ಮುಚ್ಚಿಡಲಿಲ್ಲ. ಅವನು ಬೈಯಲೂ ಇಲ್ಲ. "ಇವತ್ತಿನ ದೋಣಿಗೇ ಹೊರಡಿ ಅಕ್ಕಾ. ಅಲ್ಲಿ ಒಂದು ಕ್ಷಣಾನೂ ಇರ್ಬೇಡಿ," ಎಂದ.

ಮಧ್ಯಾಹ್ನದ ದೋಣಿಯಲ್ಲಿ ಅಪ್ಪನಿಗೆ ಶಾಲು ಹೊದಿಸಿ ಹಿಂದಿನ ಬೆಂಚಿನಲ್ಲಿ ಕೂರಿಸಿದಳು. ಸೀಟಿ ಮತ್ತೆ ಅವನ ಕೊರಳಿಗೆ ಬಂದಿತ್ತು. ದೋಣಿಗಟ್ಟೆಯಲ್ಲಿ ಕುರ್ಚಿಯವನೂ ಪೆಟ್ಟಿಗೆ ಹಿಡಿದು ನಿಂತಿದ್ದ. ಅತಿಥಿಯ ಮುಂದೆ ಕೂಗಾಡಿದನೆಂದು ಲೆಕ್ಕ ಚುಕ್ತಾ ಮಾಡಿ ಕಳಿಸಿದ್ದರು. ಅವನು ಬಂದು ಅವರ ಪಕ್ಕದಲ್ಲೇ ಕೂತ. ಅಪ್ಪ ಶಾಲಿನ ಒಳಗಿಂದ ಕೈ ತೆಗೆದು ಅವನ ತೊಡೆಯ ಮೇಲಿಟ್ಟ.

ದೋಣಿ ದ್ವೀಪವನ್ನು ಬಳಸಿಕೊಂಡು ತಿರುಗಿದಾಗ ದಡ ಪೂರ್ತಿ ಕಂಡಿತು. ಬಾಚಿದ ಮರಳು, ಕಾಯಿಯಿಲ್ಲದ ತೆಂಗು, ಸಾಲಾಗಿ ಒರಗು ಕುರ್ಚಿಗಳು. ಕುರ್ಚಿಯವನು ಬೆಂಚಿನಿಂದ ಎದ್ದು ನಿಂತ.

"ಯಾರಿಗೋ ವಹಿಸಿದಾರೆ ಕೆಲಸ," ಎಂದ. "ಗೊತ್ತಿಲ್ಲದೋರಿಗೆ."

ಕುರ್ಚಿಗಳು ಈಗ ಎರಡು ಗುಂಪಾಗಿರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನಾಗಿ, ಅಂದವಾಗಿ ಹರಡಿದ್ದವು. ನಡುವಿನವು ಎಲ್ಲಕ್ಕಿಂತ ಮೊದಲು ಭರ್ತಿಯಾದಂತಿತ್ತು. ಅವುಗಳ ಮುಂದೆ, ಸಾರಿಸಿದ ನೆಲದಂಥ ನೀರಿನ ಕಡೆಗೆ, ಯಾರೋ ಇಬ್ಬರು ಕೈ ಹಿಡಿದುಕೊಂಡು ನಡೆಯುತ್ತಿದ್ದರು. ಅವಳು ಓಡಿಹೋಗಿ ದೋಣಿ ನಡೆಸುವವನಿಗೆ ಹೇಳಿದಳು, ತಿರುಗಿಸಿ ಎಂದು ಬೇಡಿದಳು. ಅವನು ಎಂಜಿನ್ನಿನ ಸದ್ದಿನಲ್ಲಿ ಕಿವಿಗೆ ಕೈ ಹಚ್ಚಿ ಏನು, ಏನು ಎನ್ನುತ್ತಿದ್ದ.

ಹಿಂತಿರುಗಿದಾಗ ಅಪ್ಪ ಸೀಟಿಯನ್ನು ಬಾಯಿಗಿಟ್ಟುಕೊಂಡಿದ್ದ.

"ಇಲ್ಲಿಂದ ಅವರಿಗೆ ಕೇಳಿಸಲ್ಲ ಅಪ್ಪ."

ಅಪ್ಪ ತಲೆಯಾಡಿಸಿದ, ಗೊತ್ತು ಎಂಬಂತೆ. ಅವನಲ್ಲಿ ಉದ್ದಕ್ಕೆ ಊದುವಷ್ಟು ಉಸಿರಿರಲಿಲ್ಲ. ಗಾಳಿ ಸೋರಿ ತೆಳ್ಳನೆಯ ಸದ್ದೊಂದು ಬಂತು. ನಿಲ್ಲಿಸಿ, ಎದೆ ಒತ್ತಿಕೊಂಡು, ಮತ್ತೆ ಊದಿದ. ದಡ ಚಿಕ್ಕದಾಗುತ್ತಿತ್ತು. ಕೈ ಹಿಡಿದುಕೊಂಡಿದ್ದವರಲ್ಲಿ ಒಬ್ಬರು ನೀರಿಗಿಳಿದು, ಎಷ್ಟು ಶಾಂತವಾಗಿದೆ ಬಾ ಎಂಬಂತೆ ಹಿಂದಕ್ಕೆ ಕೈ ಬೀಸಿದರು.